ಹೇಳುವವರ ಸಾಹಿತ್ಯ, ಹೇಳದವರ ಸಾಹಿತ್ಯ

ಮ್ಯಾಂಚೆಸ್ಟರ್

ಇಂಗ್ಲೆಂಡಿನ ನೆಲದ ಮೇಲೆ ನಾನು ಆಡಿದ ಮೊದಲ ಮಾತು ಶೇಂಗಾ ಚಟ್ನಿಪುಡಿಯ ವಿಚಾರವಾಗಿ. ಮೂವತ್ತಾರು ವರ್ಷ ಹಿರಿಯೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವಳು ನಾನು. ಆ ದೇಶಕ್ಕೆ ಕಾಲಿಟ್ಟ ಗಳಿಗೆಯಲ್ಲಿ ಏನಾದರೂ ಘನವಾದದ್ದು ಹೇಳಬೇಕೆಂದು ವಿಮಾನದಲ್ಲಿ ಕುಳಿತು ಯೋಚಿಸಿದ್ದೂ ಉಂಟು. ಆದರೆ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ತಪಾಸಣೆಯ ಮೇಜಿನ ಹಿಂದೆ ನಿಂತಿದ್ದ ಎತ್ತರದ ಹೆಂಗಸು ನನ್ನ ಚೀಲದಿಂದ ಡಬ್ಬಿಯೊಂದನ್ನು ಎತ್ತಿ, ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದು ಸೀನಿದಳು. ಒಂದಲ್ಲ, ನಾಲ್ಕು ಸಲ. ಪ್ರತಿ ಸೀನಿಗೂ ನನ್ನ ಹತ್ತಿರವೇ ಕ್ಷಮೆ ಕೇಳಿದಳು.

"ಕಡಲೆಕಾಯಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ರೊಟ್ಟಿಗೆ ನೆಂಚಿಕೊಳ್ಳುತ್ತೇವೆ" ಎಂದೆ.

"ತುಂಬಾ ಕುತೂಹಲಕರ" ಎಂದು ಮುಚ್ಚಳ ಹಾಕಿ ಕೊಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗೆ ಹೆಮ್ಮೆಯಾಯಿತು. ಹೊರಗೆ ಕಾಯುತ್ತಿದ್ದ ಸುಧಾಳಿಗೆ ಹೇಳಿದೆ.

"ಅಯ್ಯೋ ಅತ್ತೆ, ಇಲ್ಲಿಯೋರು ಕುತೂಹಲಕರ ಅಂದ್ರೆ 'ನಂಗ್ಯಾಕಪ್ಪ ಬೇಕಿತ್ತು ಇದು' ಅಂತ ಅರ್ಥ" ಎಂದು ನಕ್ಕಳು.

ಸುಧಾ ನನ್ನ ಅಣ್ಣನ ಮಗಳು. ಯಲ್ಲದಕೆರೆಯ ನಮ್ಮ ಮನೆಯಂಗಳದಲ್ಲಿ ಆಡಿ ಬೆಳೆದವಳು ಈಗ ಲೀಡ್ಸ್ ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಮದುವೆಯಾಗಲಿಲ್ಲ. ಹಾಗಾಗಿ ಅವಳನ್ನು ಎತ್ತಿ ಆಡಿಸಿದ ಪಾಲು ನನ್ನದೂ ಇದೆ. "ರಿಟೈರ್ ಆಯ್ತಲ್ಲ ಅತ್ತೆ, ಇನ್ನೇನು ನೆಪ ಹೇಳ್ತೀಯ? ಬಾ" ಎಂದು ಟಿಕೆಟ್ ಕಳಿಸಿದ್ದಳು. ಮೂರು ವಾರ. ಒಂದು ಆಯುಷ್ಯವಿಡೀ ಪುಸ್ತಕದಲ್ಲಿ ಓಡಾಡಿದ ದೇಶಕ್ಕೆ ಮೂರು ವಾರ.

ಲೀಡ್ಸ್

ಮೂರನೇ ದಿನ ಸುಧಾಳ ಮನೆ ಬಾಗಿಲ ಕೆಳಗಿನಿಂದ ಒಂದು ಚೀಟಿ ಬಂತು. ಪಕ್ಕದ ಮನೆಯವರು ಬರೆದದ್ದು, ಮುದ್ದಾದ ಅಕ್ಷರ. ನಿಮ್ಮ ಕಸದ ತೊಟ್ಟಿ ರಸ್ತೆಯ ಬದಿಯಲ್ಲಿ ತುಸು ಹೆಚ್ಚು ಹೊತ್ತು ಉಳಿದಿರಬಹುದೇನೋ ಎಂದು ನಮಗೆ ಅನ್ನಿಸಿತು, ನಮ್ಮದೇ ತಪ್ಪು ತಿಳಿವಳಿಕೆಯೂ ಇರಬಹುದು, ತಮಗೆ ತೊಂದರೆಯಾಗದಿದ್ದರೆ, ಎಂದಾದರೂ ಬಿಡುವಾದಾಗ... ಹೀಗೆ ಹೋಗಿ ಹೋಗಿ ಕೊನೆಯಲ್ಲಿ ಹವಾಮಾನದ ಬಗ್ಗೆ ಒಂದು ಸಾಲು.

"ಎಷ್ಟು ಮರ್ಯಾದಸ್ಥರು ನೋಡು" ಎಂದೆ.

"ಮರ್ಯಾದೆ ಅಲ್ಲ ಅತ್ತೆ, ಬೈದಿರೋದು. ನಮ್ಮೂರಲ್ಲಾಗಿದ್ರೆ 'ಏನವ್ವಾ, ತೊಟ್ಟಿ ಎತ್ತಿಡಕ್ಕೆ ಕೈ ಬಿದ್ದೋಗವಾ' ಅಂತಿದ್ರು. ಅದನ್ನೇ ಇವ್ರು ಹಿಂಗೆ ಬರ್ದವ್ರೆ."

ಆ ಚೀಟಿಯನ್ನು ನಾನು ಎರಡು ಸಲ ಓದಿದೆ. ನಾನು ಮೂವತ್ತಾರು ವರ್ಷ ಕಲಿಸಿದ ಆಧುನಿಕ ಬ್ರಿಟಿಷ್ ಕಾದಂಬರಿಯೆಲ್ಲ ಆ ಅಂಗೈಯಗಲದ ಕಾಗದದಲ್ಲಿತ್ತು. ಸಿಟ್ಟಿದೆ, ಆದರೆ ಕಾಣದು. ಬೇಡಿಕೆಯಿದೆ, ಆದರೆ ಬೇಡಿಕೆಯ ಹಾಗಿಲ್ಲ. ಹೇಳಬೇಕಾದ್ದು ಸಾಲಿನಲ್ಲಿಲ್ಲ, ಎರಡು ಸಾಲಿನ ನಡುವೆ ಕುಳಿತಿದೆ. ತಕ್ಷಣ ಅದರ ಫೋಟೋ ತೆಗೆದು ತಿಪ್ಪೇಸ್ವಾಮಿಯವರಿಗೆ ಕಳಿಸಿದೆ.

ತಿಪ್ಪೇಸ್ವಾಮಿಯವರು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದವರು. ನೌಕರಿಯ ಮೊದಲ ಆರು ವರ್ಷ ನಾವಿಬ್ಬರೂ ಒಂದೇ ಕಾಲೇಜಿನಲ್ಲಿದ್ದೆವು. ಬ್ರಿಟಿಷ್ ಸಾಹಿತ್ಯದ ಪಾಠ ನನ್ನದು, ಅಮೆರಿಕನ್ ಸಾಹಿತ್ಯದ್ದು ಅವರದು. ಆಗ ಇಬ್ಬರೂ ಚಿತ್ರದುರ್ಗದಲ್ಲಿದ್ದೆವು, ನಾನು ಅಲ್ಲಿ ಕೆಲಸದಲ್ಲಿದ್ದ ಅಣ್ಣನ ಮನೆಯಲ್ಲಿ, ಅವರು ಬಾಡಿಗೆ ಕೋಣೆಯಲ್ಲಿ. ದಿನವೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹಿರಿಯೂರಿಗೆ ಮುಕ್ಕಾಲು ಗಂಟೆಯ ದಾರಿ. ಆ ಮುಕ್ಕಾಲು ಗಂಟೆಯನ್ನು ನಾವು ಆರು ವರ್ಷವೂ ಒಂದೇ ಜಗಳದಲ್ಲಿ ಕಳೆದೆವು: ಈಚಿನ ನೂರು ವರ್ಷಗಳಲ್ಲಿ ಯಾರು ಚೆನ್ನಾಗಿ ಬರೆದಿದ್ದಾರೆ, ಬ್ರಿಟಿಷರೋ ಅಮೆರಿಕನ್ನರೋ?

"ನಿಮ್ಮೋರದು ದುರ್ಗದ ಕೋಟೆ ಇದ್ದಂಗೆ ಮೇಡಮ್" ಎನ್ನುತ್ತಿದ್ದರು, ಇಡೀ ಬಸ್ಸಿಗೆ ಕೇಳುವಂತೆ. "ಒಂದು ಬಾಗಿಲು ದಾಟಿದ್ರೆ ಇನ್ನೊಂದು ಬಾಗಿಲು. ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಏಳು ಸುತ್ತು ಸುತ್ತಿ ಒಳಗೋದ್ರೆ ಏನೈತೆ? ಒಬ್ಬ ಮುದುಕ ಟೀ ಕುಡೀತಾ ಕುಂತವ್ನೆ. ನಮ್ಮೋರದು ಐಮಂಗಲದ ರಸ್ತೆ. ಮೂರು ಮೈಲಿಯಿಂದ್ಲೇ ಲಾರಿ ಬರೋದು ಕಾಣ್ತೈತೆ. ಬಂತು, ಹಾರ್ನ್ ಹೊಡೀತು, ಹೇಳೋದು ಹೇಳ್ತು, ಹೋತು."

"ಆ ಮುದುಕ ಯಾಕೆ ಒಬ್ಬನೇ ಟೀ ಕುಡೀತಾನೆ ಅನ್ನೋದು ಗೊತ್ತಾಗಕ್ಕೇ ಏಳು ಸುತ್ತು ಬೇಕು ಸಾರ್. ನಿಮ್ಮ ಲಾರಿ ಹೋದ್ಮೇಲೆ ಉಳಿಯೋದು ಧೂಳು."

ಮುಂದೆ ಅವರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಅಲ್ಲೇ ಮದುವೆ, ಮನೆ, ಮಗಳು. ನಾನು ಹಿರಿಯೂರಿಗೆ ಬಂದು ನೆಲೆಸಿದೆ. ನಾಲ್ಕು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ, ಒಂದು ಭಾನುವಾರ, ಪುಸ್ತಕ ವಾಪಸ್ ಕೊಡುವ ನೆಪದಲ್ಲಿ ಹಿರಿಯೂರಿಗೆ ಬಂದರು. ಆ ಪುಸ್ತಕ ನನ್ನದಾಗಿರಲಿಲ್ಲ. ನಾನು ಅದನ್ನು ಹೇಳಲಿಲ್ಲ. ಅಂದಿನಿಂದ ತಿಂಗಳಿಗೊಂದು ಭಾನುವಾರ ಬರುತ್ತಿದ್ದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದು, ಎರಡು ಸಲ ಕಾಫಿ ಕುಡಿದು, ಹಳೆಯ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿ, ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು.

ಚೀಟಿಯ ಫೋಟೋಗೆ ಅವರಿಂದ ಧ್ವನಿ ಸಂದೇಶ ಬಂತು. ನಗುವೇ ಅರ್ಧ ನಿಮಿಷ. "ಮೇಡಮ್, ಒಬ್ಬ ಅಮೆರಿಕದೋನು ಆಗಿದ್ರೆ ಬಂದು ಬಾಗಿಲು ಬಡಿದು ತೊಟ್ಟಿ ಎತ್ತ್ರಿ ಅಂದು, ಆಮೇಲೆ ಕುಂತ್ಕಂಡು ಅವನ ಡೈವೋರ್ಸ್ ಕಥೆ ಹೇಳಿ ಹೋಗ್ತಿದ್ದ. ಯಾವ್ದು ಚೆಂದ ನೀವೇ ಹೇಳ್ರಿ."

ನಗುತ್ತಾ ಕೇಳಿದೆ. ಮರುದಿನ ಇನ್ನೊಂದು ಸಂದೇಶ. ಈ ಸಲ ನಗುವಿರಲಿಲ್ಲ.

"ಇನ್ನೊಂದು ವಿಷ್ಯ ಮೇಡಮ್. ನಮ್ಮ ಶಶಿಕಲಾ ಬಳ್ಳಾರಿಗೆ ಬಂದ್ಬಿಡಪ್ಪ ಅಂತವ್ಳೆ. ಅಳಿಯಂಗೆ ದೂರದ ಊರಿಗೆ ಪೋಸ್ಟಿಂಗ್ ಆಗೈತೆ. ಅವಳು ಸ್ಕೂಲಿಗೆ ಹೋಗ್ಬೇಕು, ಮಗೂ ನೋಡ್ಕಬೇಕು. ಹೊಸದುರ್ಗದ ಮನೆ ಖಾಲಿ ಮಾಡ್ತೀನಿ. ನೀವು ವಾಪಸ್ ಬರೋ ಹೊತ್ಗೆ ನಾನಿಲ್ಲಿ ಇರಲ್ಲ. ಅದಕ್ಕೇ ಈಗ್ಲೇ ಹೇಳಾಣ ಅಂತ."

ಮೂರು ಸಲ ಕೇಳಿಸಿಕೊಂಡೆ. ಬಳ್ಳಾರಿ ಎಂದರೆ ಅಮೆರಿಕವಲ್ಲ, ಗೊತ್ತು. ಆದರೆ ಶಾಲೆಗೆ ಹೋಗುವ ಮಗಳು, ಸಣ್ಣ ಮಗು ಇರುವ ಮನೆಯಿಂದ ಒಬ್ಬ ಅಜ್ಜ ಇಡ್ಲಿ ತಿನ್ನಲು ತಿಂಗಳಿಗೊಮ್ಮೆ ಹಿರಿಯೂರಿಗೆ ಬರುವುದಿಲ್ಲ. ಅದೂ ಗೊತ್ತು. ಉತ್ತರ ಕಳಿಸಿದೆ: "ಒಳ್ಳೇದಾಯ್ತು ಬಿಡ್ರಿ. ಮಗಳ ಹತ್ರ ಇದ್ರೆ ಊಟ ತಿಂಡಿ ಸರಿ ಹೋಗ್ತೈತೆ."

ಕಳಿಸಿದ ಮೇಲೆ, ಕಸದ ತೊಟ್ಟಿಯ ಚೀಟಿ ಬರೆದವರಿಗೂ ನನಗೂ ಏನು ವ್ಯತ್ಯಾಸ ಎಂದುಕೊಂಡು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಎರಡಾದ ರೈಲು

ಎರಡನೇ ವಾರ ಸುಧಾಳಿಗೆ ರಜೆ ಸಿಗಲಿಲ್ಲ. ನಾನೊಬ್ಬಳೇ ಗುಡ್ಡಬಯಲು ನೋಡಲು ಹೊರಟೆ. ಯಾರ್ಕ್‌ಷೈರಿನ ಆ ಗುಡ್ಡಗಳ ಮೇಲೆ ಮರವಿಲ್ಲ, ಬರೀ ಮೊಣಕಾಲೆತ್ತರದ ಪೊದೆ ಮತ್ತು ಗಾಳಿ. ಕಾದಂಬರಿಗಳಲ್ಲಿ ಆ ಗಾಳಿಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೆನೆಂದರೆ, ಕಿವಿಗೆ ಕಟ್ಟಿಕೊಳ್ಳಲು ಮಫ್ಲರ್ ಸಹ ಊರಿನಿಂದಲೇ ಒಯ್ದಿದ್ದೆ.

ರೈಲಿನಲ್ಲಿ ಎದುರಿಗೆ ಪತ್ರಿಕೆ ಓದುತ್ತಿದ್ದ ಗಂಡಸನ್ನು ಕೇಳಿದೆ, ಈ ರೈಲು ನಾನು ಹೇಳಿದ ಊರಿಗೆ ಹೋಗುತ್ತದೆಯೇ ಎಂದು. ಆತ ಪತ್ರಿಕೆ ಮಡಚಿ, ಯೋಚಿಸಿ, "ಹೋಗುತ್ತದೆ ಅನ್ನಬಹುದು, ಒಂದು ಮಟ್ಟಿಗೆ" ಎಂದ. ಥ್ಯಾಂಕ್ಸ್ ಹೇಳಿ ಕುಳಿತೆ. ದಾರಿಯಲ್ಲೊಂದು ಘೋಷಣೆಯಾಯಿತು. ಇಂಗ್ಲಿಷ್ ಕಲಿಸಿದವಳಿಗೆ ಅದರಲ್ಲಿ ಒಂದು ಪದವೂ ಅರ್ಥವಾಗಲಿಲ್ಲ. ಒಂದು ನಿಲ್ದಾಣದಲ್ಲಿ ರೈಲು ನಿಂತಿತು, ಏನೋ ಕಳಚಿದ ಸದ್ದಾಯಿತು, ಮುಂದಿನ ಎರಡು ಡಬ್ಬಿಗಳು ನಾನು ಹೋಗಬೇಕಿದ್ದ ಊರಿಗೆ ಹೋದವು. ಹಿಂದಿನ ಎರಡು, ನನ್ನನ್ನು ಕೂರಿಸಿಕೊಂಡು, ಬೇರೆಲ್ಲಿಗೋ.

ಆ ಮನುಷ್ಯನಿಗೆ ಗೊತ್ತಿತ್ತು. ಒಂದು ಮಟ್ಟಿಗೆ ಎಂದರೆ ಅರ್ಧ ರೈಲು ಎಂದು ಅವನು ಹೇಳಿದ್ದ. ಅದಕ್ಕಿಂತ ಹೆಚ್ಚು ಹೇಳಿದರೆ ನನ್ನ ವಿಚಾರದಲ್ಲಿ ಕೈಹಾಕಿದಂತಾಗುತ್ತದೆಂದು ಸುಮ್ಮನಾಗಿದ್ದ. ನಮ್ಮ ಹಿರಿಯೂರಿನ ಬಸ್ಸಿನಲ್ಲಾಗಿದ್ದರೆ ಹತ್ತು ಜನ ಒಟ್ಟಿಗೆ "ಇಳೀರಿ ಇಳೀರಿ, ಇದಲ್ಲ, ಆ ಕಡೆದು" ಎಂದು ಕೂಗಿ, ಚೀಲವನ್ನು ಕಿಟಕಿಯಿಂದಲೇ ಕೆಳಗೆ ಕೊಡುತ್ತಿದ್ದರು. ಹಾಗೆ ಕೂಗುವವರಿಗಾಗಿ ಆ ಕ್ಷಣ ನನ್ನ ಜೀವ ಬಾಯಾರಿತು.

ಇಳಿದದ್ದು ಸಣ್ಣ ಊರು. ಬೂದು ಕಲ್ಲಿನ ಮನೆಗಳು, ಗುಡ್ಡದುದ್ದಕ್ಕೂ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ದುರ್ಗದ ಬಂಡೆಗಳನ್ನು ನೋಡಿ ಬೆಳೆದವಳಿಗೆ ಅಷ್ಟು ಚಿಕ್ಕ ಕಲ್ಲುಗಳನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಮರಳುವ ರೈಲಿಗೆ ಎರಡು ಗಂಟೆ. ಮಳೆ ಹಿಡಿಯಿತು. ಬೆಳಕು ಕಂಡ ಮೊದಲ ಬಾಗಿಲನ್ನು ತಳ್ಳಿ ಒಳಹೋದೆ. ಅದು ಊರಿನ ಗ್ರಂಥಾಲಯ.

ಗ್ರಂಥಾಲಯದ ಉದ್ದ ಮೇಜು

ಮೇಜಿನ ಸುತ್ತ ಏಳೆಂಟು ಜನ ಕುಳಿತಿದ್ದರು, ಎಲ್ಲರೂ ನನ್ನ ವಯಸ್ಸಿನ ಆಚೀಚೆ. ಒಬ್ಬೊಬ್ಬರ ಮುಂದೆಯೂ ಎರಡೆರಡು ಪುಸ್ತಕ. ಬೆಳ್ಳಿಗೂದಲಿನ ಒಬ್ಬ ಹೆಂಗಸು ಎದ್ದು ಬಂದು ನನ್ನ ಒದ್ದೆ ಕೊಡೆ ತೆಗೆದುಕೊಂಡಳು.

"ನಿಮಗೆ ಬೇರೆ ಕೆಲಸವಿಲ್ಲದಿದ್ದರೆ, ಮತ್ತು ಬೇಸರವಾಗದಿದ್ದರೆ, ನಮ್ಮ ಜೊತೆ ಕೂರಬಹುದು. ಬಲವಂತವಿಲ್ಲ."

ಅವಳ ಹೆಸರು ಡೊರೊತಿ, ಅಂಚೆ ಕಚೇರಿ ನಡೆಸಿ ನಿವೃತ್ತಳಾದವಳು. ಅವರದೊಂದು ಓದುಗರ ಗುಂಪು. ಆ ತಿಂಗಳು ಒಂದು ಬ್ರಿಟಿಷ್ ಕಾದಂಬರಿ, ಒಂದು ಅಮೆರಿಕನ್ ಕಾದಂಬರಿ ಓದಿ, ಯಾವುದು ಮೇಲು ಎಂದು ಮಾತಾಡಲು ಕೂಡಿದ್ದರು. ನನಗೆ ನಗು ಬಂತು. ಯಾರನ್ನು ಕರೆದು ತೋರಿಸಲಿ ಎಂದು ಪಕ್ಕಕ್ಕೆ ತಿರುಗಿದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಬ್ರಿಟಿಷ್ ಕಾದಂಬರಿಯಲ್ಲಿ ಇಬ್ಬರು ಅಕ್ಕತಂಗಿಯರು ಒಂದೇ ಮನೆಯಲ್ಲಿ ನಲವತ್ತು ವರ್ಷ ಒಂದು ವಿಷಯವನ್ನು ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಾ ಬದುಕುತ್ತಾರೆ. ಅಮೆರಿಕನ್ ಕಾದಂಬರಿಯಲ್ಲಿ ಮುಚ್ಚಿಹೋದ ಕಾರ್ಖಾನೆಯ ಕೆಲಸಗಾರನೊಬ್ಬ ಮೊದಲ ಪುಟದಲ್ಲೇ ತನ್ನ ಸೋಲನ್ನೆಲ್ಲ ಹೇಳಿಕೊಂಡು ಹಳೆಯ ಟ್ರಕ್ಕಿನಲ್ಲಿ ಹೊರಟುಬಿಡುತ್ತಾನೆ.

ಮೇಜಿನ ತುದಿಯಲ್ಲಿ ಅಗಲ ಭುಜದ ಒಬ್ಬ ಮುದುಕನಿದ್ದ. ಹ್ಯಾಂಕ್. ಅಮೆರಿಕದ ಜೋಳದ ಹೊಲಗಳ ಸೀಮೆ ನೆಬ್ರಾಸ್ಕಾದವನು. "ನಲವತ್ತು ವರ್ಷ!" ಎಂದು ಬ್ರಿಟಿಷ್ ಪುಸ್ತಕವನ್ನು ಮೇಜಿನ ಮೇಲೆ ಕುಟ್ಟಿದ. "ಒಂದು ಮಾತು ಹೇಳಿದ್ದರೆ ಹತ್ತನೇ ಪುಟದಲ್ಲಿ ಮುಗಿಯುತ್ತಿತ್ತು."

"ಅದಕ್ಕೇ ಹೇಳಲಿಲ್ಲ, ಹ್ಯಾಂಕ್. ಮುಗಿಯಬಾರದೆಂದು" ಎಂದಳು ಡೊರೊತಿ ಮೆಲ್ಲಗೆ.

ನನ್ನನ್ನೂ ಕೇಳಿದರು. ಬ್ರಿಟಿಷರ ಪರವಾಗಿ ಶುರುಮಾಡಿದೆ. ಎರಡು ಯುದ್ಧ ಕಂಡು, ಸಾಮ್ರಾಜ್ಯ ಕಳೆದುಕೊಂಡು, ತಾವು ಚಿಕ್ಕವರೆಂದು ಅರಿತ ಮೇಲೆ ನಿಮ್ಮವರು ಚೆನ್ನಾಗಿ ಬರೆಯಲು ಕಲಿತರು ಎಂದೆ. ನಾಚಿಕೆಯನ್ನು ಅವರಷ್ಟು ಬಲ್ಲವರಿಲ್ಲ. ಯಾವ ಚಮಚ ಹಿಡಿದ, ಯಾವ ಸ್ವರದಲ್ಲಿ ಮಾತಾಡಿದ ಎಂಬುದರಿಂದಲೇ ಒಬ್ಬನ ಹುಟ್ಟು ಗುರುತಿಸಿ ಅಳೆಯುವ ಕ್ರೌರ್ಯವನ್ನು, ದನಿ ಎತ್ತದೆ, ತೋರಿಸಿಬಿಡುತ್ತಾರೆ. ಜಾತಿಯ ಊರಿನಿಂದ ಬಂದ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆಮೇಲೆ, ಹಡಗಿನಲ್ಲಿ, ವಿಮಾನದಲ್ಲಿ ನಮ್ಮಂಥ ದೇಶಗಳಿಂದ ಬಂದವರ ಮಕ್ಕಳು ಬರೆಯತೊಡಗಿ ಆ ಭಾಷೆಗೆ ಒಗ್ಗರಣೆ ಬಿತ್ತು. ಈಗಿನ ಬ್ರಿಟಿಷ್ ಸಾಹಿತ್ಯದ ಜೀವ ಅಲ್ಲಿದೆ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಮಾತು ಮುಂದೆ ಹೋಯಿತು.

"ಆದರೆ ಒಂದು ವಿಷಯ" ಎಂದೆ. "ಒಂದು ಸಲ ನನ್ನ ಸಹೋದ್ಯೋಗಿ ರಜೆ ಹಾಕಿದಾಗ ಅವರ ಅಮೆರಿಕನ್ ತರಗತಿಯನ್ನು ನಾನು ತೆಗೆದುಕೊಂಡೆ. ಗುಲಾಮರಾಗಿದ್ದ ಕಪ್ಪು ಜನರ ಮನೆಯ ಕಥೆ. ಹಿಂದಿನ ಬೆಂಚಿನ ಒಬ್ಬಳು ವಿದ್ಯಾರ್ಥಿನಿ, ಊರಾಚೆಯ ಹಟ್ಟಿಯಿಂದ ಬರುತ್ತಿದ್ದವಳು, ವರ್ಷವಿಡೀ ಬಾಯಿ ತೆರೆಯದವಳು, ಎದ್ದು ನಿಂತಳು. 'ಮೇಡಮ್, ಇದು ಇಂಗ್ಲಿಷಲ್ಲಿ ಐತೆ ಅಷ್ಟೇ. ನಮ್ಮಜ್ಜಿ ಹೇಳಿದ್ದೂ ಇದೇ' ಅಂದಳು. ನಾನು ಕಲಿಸಿದ ಯಾವ ಬ್ರಿಟಿಷ್ ಕಾದಂಬರಿಗೂ ಅವಳು ಎದ್ದು ನಿಂತಿರಲಿಲ್ಲ. ನಿಮ್ಮವರು ಮನುಷ್ಯನ ಮೌನವನ್ನು ಕೇಳಿಸಿಕೊಳ್ಳಲು ಕಲಿಸುತ್ತಾರೆ ಡೊರೊತಿ. ಅಮೆರಿಕದವರು, ಮೌನವಾಗಿದ್ದವನಿಗೆ ಎದ್ದು ಹೇಳಲು ಕಲಿಸುತ್ತಾರೆ. ಓದುವವಳಾಗಿ ನನಗೆ ಮೊದಲನೆಯದು ಇಷ್ಟ. ಆದರೆ ಬದುಕುವವರಿಗೆ ಎರಡನೆಯದು ಬೇಕೇನೋ."

ಆ ಹುಡುಗಿಯ ಮಾತನ್ನು ನಾನು ತಿಪ್ಪೇಸ್ವಾಮಿಯವರಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ಸೋತಂತಾಗುತ್ತಿತ್ತು.

ಹ್ಯಾಂಕ್ ನನ್ನನ್ನೇ ನೋಡುತ್ತಿದ್ದ. "ಈ ಮಾತುಗಳಲ್ಲಿ ಅರ್ಧ ನಿಮ್ಮವಲ್ಲ. ಯಾರವು?"

ಹಾಗೆ ನೇರವಾಗಿ ಕೇಳಿಸಿಕೊಂಡು ವರ್ಷಗಳೇ ಆಗಿದ್ದವು. ಅಪರಿಚಿತರ ಮೇಜಿನ ಮುಂದೆ, ಹೊರಗೆ ಮಳೆ ಸುರಿಯುವಾಗ, ನಾನು ಯಾರಿಗೂ ಹೇಳದ್ದನ್ನು ಹೇಳಿದೆ.

ಒಂದು ಬೆಳಿಗ್ಗೆ ಐಮಂಗಲದ ಹತ್ತಿರ ನಮ್ಮ ಬಸ್ಸಿನ ಟೈರು ಪಂಕ್ಚರಾಯಿತು. ಎಲ್ಲರೂ ಇಳಿದು ಹೆದ್ದಾರಿಯ ಬದಿಯಲ್ಲಿ ನಿಂತೆವು. ತಿಪ್ಪೇಸ್ವಾಮಿ ನನ್ನ ಪಕ್ಕಕ್ಕೆ ಬಂದು, "ಮೇಡಮ್, ನನ್ನ ಮದುವೆ ಆಗ್ತೀರಾ?" ಎಂದರು. ಪೀಠಿಕೆಯಿಲ್ಲ, ಏನಿಲ್ಲ. ನಮ್ಮಿಬ್ಬರ ಜಾತಿ ಬೇರೆ, ಅಣ್ಣ ಏನೆನ್ನುವನೋ ಗೊತ್ತಿಲ್ಲ. ನಾನು ರಸ್ತೆಯತ್ತ ತಿರುಗಿದೆ. ದೂರದಲ್ಲಿ ಏನೋ ಹೊಳೆಯಿತು. "ಇನ್ನೊಂದು ಬಸ್ ಬಂತು ನೋಡ್ರಿ" ಎಂದೆ.

ಅವರು ನಕ್ಕರು. ನಾವು ಆ ಬಸ್ಸು ಹತ್ತಿದೆವು. ಇನ್ನೊಂದು ಸಲ ಕೇಳಲಿ ಎಂದು ನಾನು ಕಾದೆ. ನಾನು ಕಲಿಸುತ್ತಿದ್ದ ಕಾದಂಬರಿಗಳಲ್ಲಿ ಎರಡನೇ ಸಲ ಕೇಳುತ್ತಿದ್ದರು. ಅವರು ಕಲಿಸುತ್ತಿದ್ದವುಗಳಲ್ಲಿ ಒಂದು ಸಲ ಕೇಳಿ ಊರು ಬಿಡುತ್ತಿದ್ದರು. ಆ ವರ್ಷವೇ ಅವರು ವರ್ಗ ಕೇಳಿ ಹೊಸದುರ್ಗಕ್ಕೆ ಹೋದರು.

ಡೊರೊತಿ ತನ್ನ ಕೈಯನ್ನು ನನ್ನ ಕೈಯ ಹತ್ತಿರ, ಮುಟ್ಟದೆ, ಇಟ್ಟಳು. "ನಿಮ್ಮ ಚಹಾ ಆರಿಹೋಯಿತು. ಇನ್ನೊಂದು ತರುತ್ತೇನೆ" ಎಂದಳು. ಅದಕ್ಕಿಂತ ಮೃದುವಾದ ಮಾತನ್ನು ಆ ಮೂರು ವಾರದಲ್ಲಿ ನಾನು ಕೇಳಲಿಲ್ಲ.

"ಫೋನ್ ಮಾಡಿ" ಎಂದ ಹ್ಯಾಂಕ್.

"ಏನೆಂದು?"

"ಇರುವುದನ್ನು." ಆಮೇಲೆ ತಾನಾಗಿಯೇ ಹೇಳಿದ, "ನನ್ನ ಹೆಂಡತಿ ಈ ಊರಿನವಳು. ಕಂಡ ಮೂರನೇ ದಿನಕ್ಕೆ ನಾನು ಹೇಳಿದೆ. ಉತ್ತರ ಕೊಡಲು ಏಳು ತಿಂಗಳು ತೆಗೆದುಕೊಂಡಳು. ಈಗ ಆ ಚರ್ಚಿನ ಹಿಂದೆ ಮಲಗಿದ್ದಾಳೆ. ಮಗ ನೆಬ್ರಾಸ್ಕಾಗೆ ಬಾ ಅನ್ನುತ್ತಾನೆ. ಅಲ್ಲಿಯ ಆಕಾಶ ನೆನಪಾಗದ ದಿನವಿಲ್ಲ. ಆದರೆ ಹೇಗೆ ಹೋಗಲಿ?"

ಯಾವ ಸಾಹಿತ್ಯ ಮೇಲು ಎಂದು ಕೈ ಎತ್ತಿಸುವುದನ್ನು ಅಂದು ಎಲ್ಲರೂ ಮರೆತರು. ಡೊರೊತಿ ನಿಲ್ದಾಣದವರೆಗೆ ಬಂದು, ನನ್ನನ್ನು ಸರಿಯಾದ ರೈಲಿನ ಸರಿಯಾದ ಡಬ್ಬಿಯಲ್ಲಿ ಕೂರಿಸಿ, ಕಿಟಕಿಯ ಹೊರಗೆ ನಿಂತು, ರೈಲು ಚಲಿಸುವವರೆಗೂ ಗುಲಾಬಿ ಗಿಡಕ್ಕೆ ಹತ್ತುವ ಹುಳದ ಬಗ್ಗೆ ಮಾತಾಡಿದಳು.

ವಿಟ್ಬಿ

ಹೊರಡಲು ನಾಲ್ಕು ದಿನ ಇರುವಾಗ ಸುಧಾ ರಜೆ ಹಾಕಿ ಸಮುದ್ರ ತೋರಿಸಲು ಕರೆದೊಯ್ದಳು. ಇಷ್ಟು ವಯಸ್ಸಾಗಿ ನಾನು ನೋಡಿದ ದೊಡ್ಡ ನೀರೆಂದರೆ ನಮ್ಮ ಮಾರಿಕಣಿವೆ ಜಲಾಶಯ. ಅದಕ್ಕೆ ಸುತ್ತ ಗುಡ್ಡವಿದೆ, ಒಂದು ಮಿತಿಯಿದೆ. ಇದಕ್ಕೆ ಆಚೆ ದಡವೇ ಇಲ್ಲ. ದಂಡೆಯ ಬೆಂಚುಗಳಲ್ಲಿ ಗಂಡ ಹೆಂಡತಿಯರು ಪಕ್ಕಪಕ್ಕ ಕುಳಿತು, ಒಂದೂ ಮಾತಾಡದೆ, ಆ ಬೂದು ನೀರನ್ನು ನೋಡುತ್ತಿದ್ದರು. ಒಬ್ಬಾಕೆ ಗಂಡನ ಕೋಟಿನ ಕಾಲರನ್ನು ಮೇಲೆತ್ತಿದಳು. ಆತ ತಿರುಗಿ ನೋಡಲಿಲ್ಲ, ಸ್ವಲ್ಪ ಅವಳತ್ತ ಸರಿದ. ಅಷ್ಟೇ. ನಾನು ಕಣ್ಣು ಬೇರೆಡೆಗೆ ತಿರುಗಿಸಿದೆ.

ಸುಧಾಳ ಕೈಯಿಂದ ಒಂದು ಕಡಲಹಕ್ಕಿ ಕರಿದ ಆಲೂಗಡ್ಡೆಯನ್ನು ಕಸಿದುಕೊಂಡು ಹಾರಿತು. "ಲೇ, ನಿನ್ನ ಮನೆ ಹಾಳಾಗ!" ಎಂದು ಅವಳು ಅಚ್ಚ ಹಿರಿಯೂರಿನ ದನಿಯಲ್ಲಿ ಕೂಗಿದಳು. ದಂಡೆಯವರೆಲ್ಲ ತಿರುಗಿ ನೋಡಿದರು. ಆ ಕೂಗು ಕೇಳಿ ನನಗೆ ಏನಾಯಿತೋ. ಇನ್ನೊಂದು ತರುತ್ತೇನೆಂದು ಅವಳು ಹೋದಳು. ನಾನು ಫೋನ್ ತೆಗೆದೆ. ಅಲ್ಲಿ ಬೆಳಿಗ್ಗೆ ಹನ್ನೊಂದು, ಹೊಸದುರ್ಗದಲ್ಲಿ ಮಧ್ಯಾಹ್ನ ಮೂರೂವರೆ.

"ಏನ್ ಮೇಡಮ್, ಸಮುದ್ರದ ಸದ್ದು ಕೇಳ್ತೈತೆ!"

"ಬಳ್ಳಾರಿಗೆ ಹೋಗ್ಬ್ಯಾಡ್ರಿ" ಎಂದೆ.

"ಯಾಕೆ ಮೇಡಮ್?"

"ನೀವು ಹೋದ್ರೆ ನಂಗೆ ಕಷ್ಟ ಆಗ್ತೈತೆ. ತಿಂಗಳಿಗೊಂದು ಭಾನುವಾರ ಅಂತ ನೀವು ಬರ್ತಿದ್ರಿ. ನಾನು ಮಿಕ್ಕಿದ್ದ ದಿನಾನೂ ಅದಕ್ಕೇ ಇಟ್ಕಂಡಿದ್ದೆ. ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ."

ಫೋನಿನಲ್ಲಿ ಯಾರೋ ಕೂಗಿದ್ದು, ಏನೋ ಭಾರದ್ದು ಎಳೆದ ಸದ್ದು ಕೇಳಿಸಿತು. ಆಮೇಲೆ ಅವರ ದನಿ ಬಂತು. ಇಡೀ ಬಸ್ಸಿಗೆ ಕೇಳುವ ದನಿಯಲ್ಲ ಅದು.

"ಲಾರಿ ಬಂದೈತೆ ಮೇಡಮ್. ಬೀರು ಹೇರ್ತಾವ್ರೆ. ಶಶಿಕಲಾ ಅಲ್ಲಿ ಒಬ್ಳೇ ಅವ್ಳೆ. ಬರ್ತೀನಿ ಅಂತ ಮಾತು ಕೊಟ್ಟೀನಿ."

"ಹೋಗ್ರಿ. ಹೋಗ್ಬೇಕಾದ್ದೇ. ನಾನು ಹೇಳ್ಬೇಕಿತ್ತು, ಹೇಳ್ದೆ."

"ಮೇಡಮ್..." ಎಂದರು. ಅಷ್ಟರಲ್ಲಿ ಲಾರಿಯವನು ಮತ್ತೆ ಕೂಗಿದ. ಕರೆ ಕಡಿದುಹೋಯಿತು.

ಸುಧಾ ಬಿಸಿ ಪೊಟ್ಟಣ ಹಿಡಿದು ಬಂದಳು. ನನ್ನ ಮುಖ ನೋಡಿ, "ಯಾಕತ್ತೆ, ಗಾಳೀನಾ?" ಎಂದು ಕೇಳಿದಳು. ಗಾಳಿ ಎಂದು ಹೇಳುವುದು ಸುಲಭವಿತ್ತು. "ಅಲ್ಲ ಕಣವ್ವ, ಅಳ್ತಿದೀನಿ" ಎಂದೆ. ಅವಳು ಪೊಟ್ಟಣವನ್ನು ಬದಿಗಿಟ್ಟು ಪಕ್ಕದಲ್ಲಿ ಕುಳಿತಳು. ಇಷ್ಟು ವರ್ಷ ಹಂಬಲಿಸಿದ ದೇಶ ಕಣ್ಣಮುಂದೆಯೇ ಇತ್ತು. ಅದನ್ನು ನೋಡಿದ ಮೇಲೂ ಹಂಬಲ ತೀರಲಿಲ್ಲ.

ಹಿರಿಯೂರು, ಆಮೇಲೆ ಬಳ್ಳಾರಿ

ಉಳಿದ ದಿನಗಳಲ್ಲಿ ಅವರಿಂದ ಧ್ವನಿ ಸಂದೇಶ ಬರಲಿಲ್ಲ. ವಿಮಾನ ಹತ್ತುವ ಹೊತ್ತಿಗೆ ಒಂದು ಬಂತು, ಅದೂ ಬರಹದಲ್ಲಿ. ಬಳ್ಳಾರಿಯ ಒಂದು ಮನೆಯ ವಿಳಾಸ, ಅಷ್ಟೇ. ಮುಂದೊಂದು ಮಾತಿಲ್ಲ, ಹಿಂದೊಂದು ಮಾತಿಲ್ಲ. ದಾರಿಯುದ್ದಕ್ಕೂ ಅದನ್ನು ತೆಗೆದು ತೆಗೆದು ನೋಡಿದೆ. ಬನ್ನಿ ಎಂದೋ, ಇನ್ನು ಮುಂದೆ ಪುಸ್ತಕ ಇಲ್ಲಿಗೆ ಕಳಿಸಿ ಎಂದೋ? ಸಾಲುಗಳ ನಡುವೆ ಓದುವುದನ್ನೇ ಕಸುಬು ಮಾಡಿಕೊಂಡಿದ್ದವಳಿಗೆ ಒಂದು ವಿಳಾಸವನ್ನು ಓದಲು ಬರಲಿಲ್ಲ.

ಹಿರಿಯೂರು ಇದ್ದ ಹಾಗೆಯೇ ಇತ್ತು. ಬಿಸಿಲು, ಹಾರ್ನು, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ತರಕಾರಿಯವಳು "ಏನ್ ಟೀಚರಮ್ಮ, ಅಲ್ಲಿ ಊಟ ಸೇರ್ಲಿಲ್ವಾ, ಸೊರಗಿದೀರ" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದಳು. ಹೀಗೆ ಕೂಗಿ ಕೇಳುವವರಿಗಾಗಿ ಅಲ್ಲಿ ಬಾಯಾರಿದ್ದೆ. ಈಗ ಕೇಳಿಸಿಕೊಂಡು, ಮುಟ್ಟದೆ ಕೈ ಪಕ್ಕದಲ್ಲಿಟ್ಟ ಡೊರೊತಿಗಾಗಿ ಬಾಯಾರಿದೆ. ಯಾತ್ರೆ ಮಾಡಿದವರ ಹಣೆಬರಹ ಇಷ್ಟೇ ಇರಬೇಕು.

ನನ್ನನ್ನು ಈಗ ಯಾರಾದರೂ ಆ ಹಳೆಯ ಪ್ರಶ್ನೆ ಕೇಳಿದರೆ ಉತ್ತರವಿದೆ. ಚೆನ್ನಾಗಿ ಬರೆದವರು ಬ್ರಿಟಿಷರೇ, ಒಂದು ಕೂದಲೆಳೆಯಷ್ಟು ಮೇಲೆ. ಕಾಯುವುದು ಎಂದರೇನೆಂದು ಅವರಷ್ಟು ನಿಖರವಾಗಿ ಬರೆದವರಿಲ್ಲ. ಆದರೆ ಕಾಯುತ್ತಾ ಕುಳಿತವರು ಎದ್ದು ಹೋಗುವುದಕ್ಕೆ ಅವರ ಪುಸ್ತಕಗಳಿಂದ ಸಹಾಯವಾಗದು.

ಒಂದು ವಾರ ತಡೆದೆ. ಎಂಟನೇ ದಿನ ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತಿದೆ. ಹೇಳಿ ಕಳಿಸಲಿಲ್ಲ. ಚಳ್ಳಕೆರೆ ದಾಟಿ, ಮರವಿಲ್ಲದ ಆ ಕೆಂಪು ಬಯಲಿನಲ್ಲಿ ಬಸ್ಸು ಓಡುತ್ತಿರುವಾಗ ಎರಡು ಸಲ ಇಳಿದುಬಿಡೋಣವೆನ್ನಿಸಿತು. ತಾಯಿ ಸತ್ತು ನಾಲ್ಕು ವರ್ಷವಾದ ಮಗಳ ಮನೆ. ನಾನು ಯಾರೆಂದು ಹೋಗಲಿ?

ಬಳ್ಳಾರಿಯಲ್ಲಿ ಆಟೋದವನಿಗೆ ಫೋನಿನ ವಿಳಾಸ ತೋರಿಸಿದೆ. ಹಸಿರು ಗೇಟಿನ ಸಣ್ಣ ಮನೆ. ಬಾಗಿಲು ತೆರೆದದ್ದು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸೊಂಟದಲ್ಲಿ ಮಗು. ಮೂಗು ತಂದೆಯದೇ.

"ಯಾರು ಬೇಕಾಗಿತ್ತು ರೀ?"

"ತಿಪ್ಪೇಸ್ವಾಮಿ ಅವ್ರನ್ನ ನೋಡಕ್ಕೆ ಬಂದೆ. ಹಿರಿಯೂರಿಂದ."

"ನೀವು..."

ಸಹೋದ್ಯೋಗಿ ಎನ್ನಬಹುದಿತ್ತು. ಪುಸ್ತಕ ಕೊಡಲು ಬಂದೆ ಎನ್ನಬಹುದಿತ್ತು, ಚೀಲದಲ್ಲಿ ಒಂದಿತ್ತು ಕೂಡ. ಗೇಟಿನ ಸರಳು ಹಿಡಿದುಕೊಂಡೆ.

"ಅವ್ರ ಜೊತೆ ಕೆಲ್ಸ ಮಾಡ್ತಿದ್ದೆನಮ್ಮ. ಆದ್ರೆ ಅದಕ್ಕೆ ಬಂದಿದ್ದಲ್ಲ. ಅವ್ರನ್ನ ನೋಡ್ದೆ ಇರಕ್ಕಾಗ್ಲಿಲ್ಲ. ಬಂದೆ."

ಅವಳು ನನ್ನ ಮುಖವನ್ನು ನೋಡಿದಳು. ಮಗು ಅವಳ ಸರ ಎಳೆಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ. ಆಮೇಲೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಕೈ ಚಾಚಿ ನನ್ನ ಚೀಲ ತೆಗೆದುಕೊಂಡು, ಒಳಗೆ ತಿರುಗಿ ಕರೆದಳು.

"ಅಪ್ಪಾ, ಎದ್ದು ಬಾ. ನೀನು ದಿನಾ ಕಾಯ್ತಿದ್ದೋರು ಬಂದವ್ರೆ."